ನಡುವಿನ ಚಿತ್ರಗಳನ್ನು ಬರೆಯುತ್ತಿದ್ದವರು

ಅಷ್ಟು ಪುಕ್ಕಲಾದ ಇನ್ನೊಬ್ಬ ಮನುಷ್ಯನನ್ನು ನನ್ನ ಜನ್ಮದಲ್ಲಿ ನೋಡಿಲ್ಲ. ಮದರಾಸಿನ ಪೆರಂಬೂರಿನ ನಮ್ಮ ಬೀದಿಯಲ್ಲಿ ಒಂದು ಮುದಿ ನಾಯಿ ಸದಾ ಮಲಗಿರುತ್ತಿತ್ತು. ಅದಕ್ಕೆ ಹಲ್ಲೂ ಇರಲಿಲ್ಲ. ಅದಕ್ಕೆ ಹೆದರಿ, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಅವರು ಎದುರು ಸಾಲಿನ ಗೋಡೆಗಳಿಗೆ ಮೈ ಉಜ್ಜಿಕೊಂಡು ಹೋಗುತ್ತಿದ್ದರು. ನಮ್ಮ ಮನೆಯ ಟೆಲಿಫೋನ್ ಬಡಿದುಕೊಂಡರೆ ಮಹಡಿಯಲ್ಲಿ ಅವರ ಕುರ್ಚಿ ಸರಿದ ಸದ್ದು ಕೇಳುತ್ತಿತ್ತು. ಫೋನ್ ನಮ್ಮದು, ಕರೆ ನಮಗೆ, ಬೆಚ್ಚುವುದು ಮಾತ್ರ ಅವರು. ರಸ್ತೆ ದಾಟುವಾಗ ನನ್ನ ಅಂಗಿಯ ತೋಳು ಹಿಡಿದುಕೊಳ್ಳುತ್ತಿದ್ದರು. ಅರವತ್ತು ದಾಟಿದ ಮನುಷ್ಯ! ನಾನು ನಗುತ್ತಿದ್ದೆ, ಬೀದಿಯವರ ಮುಂದೆ ಅವರ ನಡಿಗೆಯನ್ನು ಅಣಕಿಸಿ ತೋರಿಸಿದ್ದೂ ಉಂಟು.

ಹೋದ ತಿಂಗಳು ಹುಬ್ಬಳ್ಳಿಯಿಂದ ಅವರ ತಂಗಿಯ ಮಗ ಫೋನ್ ಮಾಡಿ, ಮಾವ ಹೋದರು ಎಂದ. ನಿದ್ದೆಯಲ್ಲೇ ಹೋದರಂತೆ. ಹೆದರುವುದಕ್ಕೆ ಅವಕಾಶವಾಗಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಅನ್ನಿಸಿದ್ದು ಆಗ. ಹೆಸರು ಬರೆಯುವುದಿಲ್ಲ. ತೆರೆಯ ಮೇಲೆ ಬರುವ ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರು ಒಮ್ಮೆಯೂ ಬಂದಿರಲಿಲ್ಲ, ಅದು ಅವರಿಗೆ ಬೇಕಾಗಿಯೂ ಇರಲಿಲ್ಲ.

ಧಾರವಾಡದ ಕಡೆಯವರು. ಹುಡುಗರಾಗಿದ್ದಾಗಲೇ ಮದರಾಸಿಗೆ ಬಂದು ಕೋಡಂಬಾಕ್ಕಂನ ಒಂದು ಕಾರ್ಟೂನ್ ಸ್ಟುಡಿಯೋ ಸೇರಿದರು. ಸೋಪು, ಹಲ್ಲುಪುಡಿ, ಬೆಂಕಿಪೊಟ್ಟಣಗಳ ಜಾಹೀರಾತಿನಲ್ಲಿ ಕುಣಿಯುವ ಬೊಂಬೆಗಳನ್ನು ಅಲ್ಲಿ ಕೈಯಲ್ಲೇ ಬರೆಯುತ್ತಿದ್ದರು. ದೊಡ್ಡ ಕಲಾವಿದ ಎರಡು ಚಿತ್ರ ಬರೆಯುತ್ತಾನೆ: ಬೊಂಬೆ ಕೈ ಕೆಳಗಿಟ್ಟಿದ್ದು ಒಂದು, ಕೈ ಎತ್ತಿದ್ದು ಒಂದು. ಆ ಕೈ ಕೆಳಗಿನಿಂದ ಮೇಲಕ್ಕೆ ಹೋಗುವ ಹತ್ತೋ ಹದಿನೈದೋ ಚಿತ್ರಗಳನ್ನು ಬರೆಯುವವನು ಬೇರೆ. ನಲವತ್ತು ವರ್ಷ ಇವರು ಬರೆದದ್ದು ಆ ನಡುವಿನ ಚಿತ್ರಗಳನ್ನು. ಕಂಪ್ಯೂಟರ್ ಬಂತು, ಸ್ಟುಡಿಯೋ ಮುಚ್ಚಿತು, ಇವರು ಒಂದು ಟ್ರಂಕು ಮತ್ತು ಚಿತ್ರ ಬರೆಯುವ ಒಂದು ಗಾಜಿನ ಮೇಜು ಹೊರಿಸಿಕೊಂಡು ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದರು. ಮದುವೆಯಾಗಿರಲಿಲ್ಲ. ಯಾಕೆ ಸಾರ್ ಎಂದು ಕೇಳಿದರೆ, "ಹೆದರಿಕಿ ಆತ್ರಿ" ಎನ್ನುತ್ತಿದ್ದರು.

ಇನ್ನು ನನ್ನ ವಿಷಯ. ನಮ್ಮಪ್ಪ ತುಮಕೂರಿನ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದವರು, ನಾನು ಹುಟ್ಟಿದ್ದೇ ಇಲ್ಲಿ. ನನ್ನದೂ ರೈಲ್ವೆ, ವರ್ಕ್‌ಶಾಪಿನ ಪೇಂಟ್ ಸೆಕ್ಷನ್ನು. ಬಾಯಿ ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ದಿನವಿಡೀ ಬಣ್ಣ, ಅದನ್ನು ತೆಳುಗೊಳಿಸುವ ಥಿನ್ನರ್‌ಗಳ ನಡುವೆ ನಿಂತು ಸಂಜೆ ಮನೆಗೆ ಬಂದರೆ ಬೀದಿ ತಿರುವಿನಲ್ಲೇ ಹೆಂಡತಿಗೆ ನಾನು ಬಂದದ್ದು ಗೊತ್ತಾಗುತ್ತಿತ್ತಂತೆ. ನಮ್ಮ ಮನೆಯ ಟವೆಲ್ಲು, ಸೋಫಾ, ಕೊನೆಗೆ ದೇವರ ಮನೆಯ ಪರದೆ ಕೂಡ ಥಿನ್ನರ್ ವಾಸನೆಯವು. ನಮ್ಮ ಮೂಗು ಅದಕ್ಕೆ ಒಗ್ಗಿಹೋಗಿತ್ತು. ಒಬ್ಬಳೇ ಮಗಳು. ಆಗ ಒಂಬತ್ತನೇ ಕ್ಲಾಸು.

ಹೊಸ ಶತಮಾನ ಹುಟ್ಟುವ ಹೊತ್ತು ಅದು. ಶಾಲೆಗಳಲ್ಲಿ ಮಾದಕ ವಸ್ತುಗಳ ಬಗ್ಗೆ ತಿಳಿವಳಿಕೆ ಕೊಡುವ ಒಂದು ಸಣ್ಣ ಸೇವಾ ಸಂಸ್ಥೆಯವರು ಅವರನ್ನು ಹುಡುಕಿಕೊಂಡು ಬಂದರು. ಆವರೆಗೆ ಆ ಸಂಸ್ಥೆಯವರು ಪೋಸ್ಟರ್ ಹಿಡಿದು ಭಾಷಣ ಮಾಡುತ್ತಿದ್ದರು, ಮಕ್ಕಳು ಆಕಳಿಸುತ್ತಿದ್ದರು. ಏಳೆಂಟು ನಿಮಿಷದ ಒಂದು ಕಾರ್ಟೂನ್ ಕತೆ ಮಾಡಿಕೊಡಿ ಎಂದು ಕೇಳಿದರು. ಪೋಸ್ಟರನ್ನು ಇವರು ನನಗೆ ತಂದು ತೋರಿಸಿದರು. ಎಡಗಡೆ ನಗುವ ಹುಡುಗಿ, ಬಲಗಡೆ ಎಲುಬಿನ ಗೂಡು.

"ಮದಲನೇ ಚಿತ್ರ ಯಾರರ ಬರೀತಾರ, ಕಡೀ ಚಿತ್ರಾನೂ ಬರೀತಾರ" ಎಂದರು. "ಹುಡುಗರು ಇದನ್ನ ನೋಡಿ ನಾನೇನು ಎಲುಬಿನ ಗೂಡು ಆಗಿಲ್ಲಲ್ಲಾ ಅಂತಾವ. ಇವೆರಡರ ನಡುವ ಎಷ್ಟು ಹಾಳಿ ಅದಾವು, ಅದನ್ನ ತೋರಸಬೇಕ್ರಿ."

ಅವರಿಗೆ ಕಣ್ಣೆದುರು ಒಂದು ಜೀವ ಇಲ್ಲದೆ ಗೆರೆ ಮೂಡುತ್ತಿರಲಿಲ್ಲ. ಕತೆಯ ಹುಡುಗಿಗೆ ಮಾದರಿಯಾಗಿ ನಮ್ಮ ಮಗಳನ್ನು ಕಳಿಸುತ್ತೀರಾ ಎಂದು ಕೇಳುವುದಕ್ಕೆ ಮೂರು ದಿನ ಮೆಟ್ಟಿಲ ಮೇಲೆ ಹತ್ತಿ ಇಳಿದು ಮಾಡಿದರು. ನಾನೇ ಗದರಿಸಿ ಬಾಯಿ ಬಿಡಿಸಿದೆ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಮಗಳು ಮಹಡಿಗೆ ಹೋಗುತ್ತಿದ್ದಳು. ನನ್ನ ಹೆಂಡತಿ ಉಪ್ಪಿಟ್ಟು ತೆಗೆದುಕೊಂಡು ಹೋಗಿ ಅಲ್ಲೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮಗಳು ಸ್ಕೂಲ್ ಬ್ಯಾಗು ಹಾಕಿಕೊಂಡು ಕಿಟಕಿಯಿಂದ ಬಾಗಿಲ ತನಕ ನಡೆಯಬೇಕು, ಕುರ್ಚಿಯಲ್ಲಿ ಕೂರಬೇಕು, ಏಳಬೇಕು. "ಯವ್ವಾ, ಒಂಚೂರು ಹಂಗ ನಿಂದ್ರು" ಎಂದು ಅವರು ಹೇಳುವುದು ಕೆಳಗೆ ನನಗೆ ಕೇಳುತ್ತಿತ್ತು. ನಮ್ಮ ಮಗಳು ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. ಅವರ ಹತ್ತಿರ ಮಾತ್ರ "ಹೂನ್ರೀ" ಎಂದು ಧಾರವಾಡದ ಕನ್ನಡ ಆಡುತ್ತಿದ್ದಳು.

ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಮೊದಲ ಭಾನುವಾರ ಬರೆದ ಮಗಳ ಚಿತ್ರ: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಅವರ ಕಸುಬಿನಲ್ಲಿ ಅದು ಶಾಸನ. ಬೊಂಬೆ ಸಾವಿರ ಹಾಳೆಗಳಲ್ಲಿ ಓಡಾಡಿದರೂ ಆ ಗೋಡೆಯ ಹಾಳೆಗಿಂತ ಒಂದು ಗೆರೆ ಆಚೀಚೆ ಆಗಬಾರದು. ಹಾಗೇನಾದರೂ ಆದರೆ ನೋಡುವವರಿಗೆ ಹುಡುಗಿ ಬೇರೆ ಯಾರೋ ಅನ್ನಿಸಿಬಿಡುತ್ತದಂತೆ. ಸ್ಟುಡಿಯೋದಲ್ಲಿ ಹಾಗೆ ಮಾಡಿದವರಿಗೆ ಬೈಗುಳ ಬೀಳುತ್ತಿತ್ತು, ಇವರಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಮೊದಲು ಹುಡುಗಿ ಚೆನ್ನಾಗಿರುವ ಭಾಗವನ್ನೆಲ್ಲ ಮುಗಿಸಿ, ಆಮೇಲೆ ಕೆಡುವ ಭಾಗಕ್ಕೆ ಕೈ ಹಾಕೋಣ ಎಂದು ಅವರ ಲೆಕ್ಕಾಚಾರ.

ಎರಡು ಮೂರು ತಿಂಗಳು ಕಳೆದಿರಬೇಕು, ಅವರಿಗೆ ಹೊಸ ಹೆದರಿಕೆ ಶುರುವಾಯಿತು. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಬಲಗೈ ನೀವಿಕೊಳ್ಳುತ್ತ, "ಕೈ ಕೆಡಾಕತ್ತೈತ್ರಿ" ಎನ್ನುತ್ತಿದ್ದರು. "ಭುಜ ಇಳದು ಬೀಳ್ತಾವ. ಕಣ್ಣು ಸಣ್ಣ ಆಕ್ಕಾವ. ಗ್ವಾಡಿ ಮ್ಯಾಲಿನ ಹುಡುಗಿ ಬ್ಯಾರೆ, ನಾ ಬರದ ಹುಡುಗಿ ಬ್ಯಾರೆ."

"ವಯಸ್ಸಾಯ್ತಲ್ಲ ಸಾರ್, ಕನ್ನಡಕ ಬದ್ಲಾಯಿಸಿ" ಎಂದೆ ನಾನು.

ಬದಲಾಯಿಸಿದರು. ಮಣಿಕಟ್ಟಿಗೆ ಎಳ್ಳೆಣ್ಣೆ ಹಚ್ಚಿದರು. ಭಾನುವಾರ ಬರೆದ ಹಾಳೆಗಳನ್ನು ಸೋಮವಾರದಿಂದ ಶನಿವಾರದ ತನಕ ಕೂತು, ಭುಜವನ್ನು ಅಳಿಸಿ ಮೇಲಕ್ಕೆತ್ತಿ, ಕಣ್ಣನ್ನು ಅಳಿಸಿ ಅಗಲಿಸಿ, ಗೋಡೆಯ ಚಿತ್ರಕ್ಕೆ ಸರಿಹೊಂದಿಸುತ್ತಿದ್ದರು. ಕಸದ ಬುಟ್ಟಿಯಲ್ಲಿ ರಬ್ಬರಿನ ಪುಡಿ ತುಂಬಿರುತ್ತಿತ್ತು.

ಇತ್ತ ಕೆಳಗೆ ನನ್ನ ಹೆಂಡತಿಗೆ ಬೇರೆ ರಗಳೆ. "ರೀ, ನಿಮ್ ವರ್ಕ್‌ಶಾಪ್ ವಾಸ್ನೆ ಈಗೀಗ ದಿಂಬಿಗೂ ಹತ್ತಿದೆ. ಸರಿಯಾಗಿ ಸ್ನಾನ ಮಾಡಿ ಅಂದ್ರೆ ಕೇಳಲ್ಲ" ಎಂದು ಗೊಣಗುತ್ತಿದ್ದಳು. ನಾನು ಎರಡು ಸಲ ಸ್ನಾನ ಮಾಡತೊಡಗಿದೆ. ಮಗಳು ಮಂಕಾಗಿರುತ್ತಿದ್ದಳು, ಊಟ ಬೇಡ ಎನ್ನುತ್ತಿದ್ದಳು, ಕರೆದರೆ ಎರಡನೇ ಸಲಕ್ಕೆ ತಿರುಗುತ್ತಿದ್ದಳು. ವಯಸ್ಸಿನ ಹುಡುಗಿ, ಟ್ಯೂಷನ್ನು ಬೇರೆ, ಸುಸ್ತಾಗಿರುತ್ತಾಳೆ ಎಂದುಕೊಂಡೆವು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಾವು ಮುದ್ದಿನಲ್ಲೇ ಇದ್ದೆವು.

ಒಂದು ಶನಿವಾರ ಮಧ್ಯಾಹ್ನ ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದಳು, ಮಗಳು ಟ್ಯೂಷನ್ನಿಗೆ. ನಾನು ಊಟ ಮುಗಿಸಿ ಪೇಪರ್ ಹಿಡಿದಿದ್ದೆ. ಅವರು ಮಹಡಿಯಿಂದ ಇಳಿದು ಬಂದು ಬಾಗಿಲಲ್ಲಿ ನಿಂತರು. ಎದೆಗೆ ಒಂದು ಕಟ್ಟು ಹಾಳೆ ಅವುಚಿಕೊಂಡಿದ್ದರು. ಮುಖ ಬಿಳಿಚಿಕೊಂಡಿತ್ತು. ಬೀದಿಯ ನಾಯಿ ಮೆಟ್ಟಿಲು ಹತ್ತಿತೇನೋ ಎಂದು ನಾನು ನಗುವುದರಲ್ಲಿದ್ದೆ.

"ನನ್ನ ಕೈ ಕೆಟ್ಟಿಲ್ರಿ" ಎಂದರು.

ತನ್ನ ಕೈ ಯಾವ ವಾರದಿಂದ ಕೆಟ್ಟಿತು ಎಂದು ಪತ್ತೆ ಮಾಡಲು ಅವರು ಪ್ರತಿ ಭಾನುವಾರದ ಒಂದೊಂದು ಹಾಳೆಯನ್ನು ತಿದ್ದದೆ ಹಾಗೇ ಎತ್ತಿಟ್ಟಿದ್ದರು. ಎಲ್ಲದರಲ್ಲೂ ಒಂದೇ ಭಂಗಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ ಹುಡುಗಿ. ಅವತ್ತು ಅವನ್ನು ವರಸೆಯಾಗಿ ಜೋಡಿಸಿ ನೋಡಿದರಂತೆ. ನನ್ನೆದುರು ನೆಲದ ಮೇಲೆ ಮೊಣಕಾಲೂರಿ ಕೂತು ಕಟ್ಟನ್ನು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಹಾಳೆಗಳನ್ನು ಒಂದರ ಹಿಂದೊಂದು ಸರ್ರನೆ ಬಿಟ್ಟರು.

ನನ್ನ ಮಗಳು ನನ್ನ ಕಣ್ಣೆದುರು ಕುಸಿದಳು. ಹೌದು, ಹಾಗೇ ಕಂಡಿತು. ನೆಟ್ಟಗೆ ಕೂತವಳ ಭುಜ ಜಾರಿತು, ಕತ್ತು ಮುಂದಕ್ಕೆ ಬಾಗಿತು, ರೆಪ್ಪೆ ಇಳಿಯಿತು, ಮಡಿಲಲ್ಲಿದ್ದ ಕೈಗಳು ಸಡಿಲವಾಗಿ ಬಿದ್ದವು. ಐದು ತಿಂಗಳು ನಾನು ದಿನಾ ನೋಡಿದರೂ ಕಾಣದಿದ್ದದ್ದು ಎರಡು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು.

"ಕೈ ಕೆಟ್ಟಿದ್ರ ಕಿಟಕಿ ಸರಳೂ ಸೊಟ್ಟ ಆಗಬೇಕಿತ್ತಲ್ರಿ" ಎಂದರು ಅವರು. "ಸರಳು ನೆಟ್ಟಗದಾವ. ಕುರ್ಚಿ ನೆಟ್ಟಗೈತಿ. ಹುಡುಗಿ ಅಷ್ಟ ಇಳದಾಳ. ನಾ ಹುಚ್ಚನ್ಹಂಗ ವಾರಾ ವಾರಾ ಅಳಿಸಿ ಎತ್ತಿ ಕೂಡ್ಸೀನ್ರಿ. ಸಂಸ್ಥೆಯವರು ನನಗ ಹೇಳಿಕೊಟ್ಟ ಗುರ್ತು ಎಲ್ಲಾ ಇದರಾಗ ಅದಾವ. ಏನೋ ತಗೋಳಾಕತ್ತಾಳ್ರಿ ಮಗಳು."

ಹೆದರಿದ ಮನುಷ್ಯ ಏನೇನು ಮಾತಾಡಬಲ್ಲ ಎಂದು ಅವತ್ತು ನನಗೆ ಗೊತ್ತಾಯಿತು. ಎದ್ದು ನಿಂತು ಕೂಗಾಡಿದೆ. "ಹೆಣ್ಮಗಳನ್ನ ವಾರ ವಾರ ಎದುರಿಗೆ ಕೂರಿಸ್ಕೊಂಡು ಇದೇನಾ ನೀವು ನೋಡ್ತಿದ್ದಿದ್ದು? ನಾಚಿಕೆ ಆಗಲ್ವಾ ಮುದುಕಪ್ಪ?" ಎಂದೆ. ಇನ್ನೂ ಏನೇನೋ ಎಂದೆ, ಅವನ್ನು ಬರೆಯಲಾರೆ. ಫೋನ್ ಗಂಟೆಗೆ ಬೆಚ್ಚುತ್ತಿದ್ದವರು ನನ್ನ ಆ ಗಂಟಲಿಗೆ ಓಡಿಹೋಗಬೇಕಿತ್ತು. ಓಡಲಿಲ್ಲ. ಹಾಳೆಯ ಕಟ್ಟನ್ನು ನನ್ನ ಕಾಲ ಬಳಿ ಇಟ್ಟರು.

"ಬೈರಿ. ಬೇಕಾದ್ರ ಹೊಡೀರಿ. ಆದ್ರ ಹುಡುಗೀನ್ನ ಒಮ್ಮಿ ಛಂದಾಗಿ ನೋಡ್ರಿ" ಎಂದು ಹೇಳಿ ಗೋಡೆ ಹಿಡಿದುಕೊಂಡು ಮೇಲೆ ಹೋದರು.

ನಾನು ಹೆಂಡತಿಗೆ ಹೇಳಲಿಲ್ಲ. ಮಗಳನ್ನು ಕೇಳಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೇನೋ ಎಂಬ ಭಯ. ಆದರೆ ಆ ಸಂಜೆ ಅಂಗಿ ಬಿಚ್ಚುವಾಗ ಇನ್ನೊಂದು ಯೋಚನೆ ಬಂತು: ಈ ವಾಸನೆ ನನ್ನದೇನಾ? ಸೋಮವಾರದಿಂದ ರಜೆ ಹಾಕಿದೆ. ನನ್ನ ಕೆಲಸದ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಸ್ನೇಹಿತನ ಮನೆಯಲ್ಲಿಟ್ಟು ಬಂದೆ. ಪರದೆ, ದಿಂಬಿನ ಚೀಲ, ಟವೆಲ್ಲು ಎಲ್ಲ ಒಗೆಸಿದೆ. ಬೆನ್ನುನೋವು ಎಂದು ಹೆಂಡತಿಗೆ ಹೇಳಿ, ಮಡಿ ಪಂಚೆ ಉಟ್ಟು, ಬಾಗಿಲು ಕಿಟಕಿ ತೆರೆದು ಹಾಲ್‌ನಲ್ಲಿ ಕೂತೆ. ಎರಡು ದಿನಕ್ಕೆ ಮನೆಯಲ್ಲಿ ಸಾಂಬಾರಿನ ವಾಸನೆ, ಸೋಪಿನ ವಾಸನೆ ಬರತೊಡಗಿತು. ನಮ್ಮ ಮನೆಗೆ ಅಂಥ ವಾಸನೆಗಳಿವೆ ಎಂದೇ ನಾನು ಮರೆತಿದ್ದೆ.

ಮೂರನೇ ದಿನ ಸಂಜೆ ಐದು ಗಂಟೆಗೆ ಮಗಳು ಟ್ಯೂಷನ್ನಿನಿಂದ ಬಂದಳು. ಚಪ್ಪಲಿ ಬಿಟ್ಟು ನನ್ನ ಪಕ್ಕದಲ್ಲೇ ಹಾದುಹೋದಳು. ಪೇಂಟ್ ಸೆಕ್ಷನ್ನಿನ ಬಾಗಿಲು ತೆರೆದಂತೆ ಆ ವಾಸನೆ ಮನೆಯೊಳಗೆ ಬಂತು.

ಬ್ಯಾಗಿನಲ್ಲಿ ಸಿಕ್ಕಿದ್ದು ಬರಹ ಅಳಿಸುವ ವೈಟ್‌ನರಿನ ಜೊತೆ ಸ್ಟೇಷನರಿ ಅಂಗಡಿಯಲ್ಲಿ ಮಾರುವ ಥಿನ್ನರಿನ ಸಣ್ಣ ಸೀಸೆಗಳು, ಒಂದು ಕರ್ಚೀಫು. ಟ್ಯೂಷನ್ನಿನ ಮೂರು ನಾಲ್ಕು ಹುಡುಗಿಯರು ಸೇರಿ ಮೂಸುವುದು ಕಲಿತಿದ್ದರು. ಸೀಸೆಗಳನ್ನು ಮಗಳ ಮುಂದಿಟ್ಟೆ. ಅವಳು ತಲೆಯೆತ್ತದೆ ತಮಿಳಿನಲ್ಲಿ ಹೇಳಿದಳು: "ಉಂಗ ಮೇಲೆಯುಂ ಇದೇ ವಾಸನೆ ತಾನೇಪ್ಪಾ. ಯಾರುಕ್ಕು ತೆರಿಯಪ್ಪೋಗುದು?" ನಿಮ್ಮ ಮೈಮೇಲೂ ಇದೇ ವಾಸನೆಯಲ್ಲವೇನಪ್ಪ, ಯಾರಿಗೆ ಗೊತ್ತಾಗುತ್ತೆ ಅಂತ. ನನ್ನ ನೆರಳಲ್ಲೇ ನನ್ನ ಮಗಳು ಅಡಗಿಕೊಂಡಿದ್ದಳು.

ಆಸ್ಪತ್ರೆ, ಡಾಕ್ಟರು, ಕೌನ್ಸೆಲಿಂಗು ಎಂದು ಎರಡು ತಿಂಗಳು ಹೋಯಿತು. ಬೀದಿಗೆ, ಶಾಲೆಗೆ, ನೆಂಟರಿಗೆ ಕಾಮಾಲೆ ಎಂದು ಹೇಳಿದೆವು. ಡಾಕ್ಟರು ಹೃದಯ, ಮಿದುಳು ಎಂದು ಏನಾದರೂ ಹೇಳಿದರೆ ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತಿತ್ತು. ಮಗಳು ಬಾತ್‌ರೂಮಿನ ಚಿಲಕ ಸ್ವಲ್ಪ ಹೊತ್ತು ತೆಗೆಯದಿದ್ದರೆ ಬಾಗಿಲು ಬಡಿಯುತ್ತಿದ್ದೆ. ಮಹಡಿಯವರು ದಿನಾ ಮಧ್ಯಾಹ್ನ ಪೆರಂಬೂರಿನಿಂದ ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಬರುತ್ತಿದ್ದರು. ಬಂದು ಗೇಟಿನ ಹೊರಗೆ ನಿಂತು, ಫ್ಲಾಸ್ಕು ನನ್ನ ಕೈಗೆ ಕೊಟ್ಟು, "ಒಳಗ ಬರಾಕ ಎದಿ ಇಲ್ರಿ" ಎಂದು ಅಲ್ಲೇ ಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಆಡಿದ ಮಾತಿಗೆ ಕ್ಷಮೆ ಕೇಳಿದಾಗ, "ನಾನಽ ಮೂರು ತಿಂಗಳು ತಡಾ ಮಾಡಿದೆ" ಎಂದು ಅತ್ತುಬಿಟ್ಟರು.

ಮಗಳು ಮನೆಗೆ ಬಂದ ಮೇಲೆ ಅವರು ಇನ್ನೊಂದು ಸಲ ಮೆಟ್ಟಿಲಿಳಿದು ಬಂದರು. ಸಿನಿಮಾದ ನಡುವಿನ ಭಾಗಕ್ಕೆ ಆ ತಿದ್ದದ ಹಾಳೆಗಳನ್ನು ಹಾಕಲೇ ಎಂದು ಕೇಳಿದರು. "ಇದನ್ನ ನೋಡಿದ ಒಬ್ಬಾಕಿ ತಾಯಿ ತನ್ನ ಕೂಸಿನ ಗುರ್ತು ಹಿಡದ್ರ ಸಾಕ್ರಿ."

"ಮುಖ ಬೊಂಬೇದಾದ್ರೂ ಆ ಕೂರೋ ಭಂಗೀಲೇ ನನ್ ಮಗಳ ಗುರುತು ಊರೇ ಹಿಡಿಯತ್ತೆ ಸಾರ್" ಎಂದೆ. "ನಾಳೆ ಅವಳಿಗೆ ಮದುವೆ ಆಗ್ಬೇಕು. ನಾನು ಕೈ ಮುಗಿತೀನಿ, ಅದನ್ನ ಹರಿದುಹಾಕಿ. ಇದರ ಬಗ್ಗೆ ಎಲ್ಲೂ ಬಾಯಿ ಬಿಡಬೇಡಿ."

ಅವರು ಆ ಹಾಳೆಗಳನ್ನು ನನ್ನೆದುರೇ ಹರಿದು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದರು. ನೀರು ಬೂದು ಬಣ್ಣವಾಯಿತು. ನನಗೆ ಉಸಿರು ಬಂದಂತಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಎದುರಿಗೆ ಜೀವ ಇಲ್ಲದೆ ಅವರಿಗೆ ಗೆರೆ ಮೂಡದಲ್ಲ. ಒಂದು ದಿನ ಮಹಡಿಗೆ ಹೋದಾಗ ನೋಡುತ್ತೇನೆ, ನಮ್ಮ ಮಗಳ ಹಳೆಯ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯೆದುರು ಭುಜ ಇಳಿಸಿ ನಿಂತಿದ್ದಾರೆ. ಬಿಳಿ ಗಡ್ಡ, ಪಂಚೆ, ಬೆನ್ನಿಗೆ ಹುಡುಗಿಯ ಗುಲಾಬಿ ಬ್ಯಾಗು. ನಗು ಬರಬೇಕಿತ್ತು. ನಾನು ಸದ್ದಿಲ್ಲದೆ ಕೆಳಗೆ ಬಂದೆ.

ಸಿನಿಮಾ ಮುಗಿಯಿತು. ಒಂದು ಶನಿವಾರ ಬೆಳಿಗ್ಗೆ ಸಂಸ್ಥೆಯವರು ಮಗಳ ಶಾಲೆಯಲ್ಲೇ ತಾಯಂದಿರನ್ನೂ ಕರೆದು ತೋರಿಸಿದರು. ಅವಳು ಶಾಲೆಗೆ ಮರಳಿ ಹೋಗತೊಡಗಿ ಮೂರು ವಾರವಾಗಿತ್ತು. ತನ್ನ ಕ್ಲಾಸಿನವರ ಜೊತೆ ಮುಂದೆ ನೆಲದ ಮೇಲೆ ಕೂತಿದ್ದಳು. ನಾನು, ಅವರು ಹಿಂದಿನ ಬೆಂಚಿನಲ್ಲಿ. ಅವರು ನನ್ನ ತೋಳು ಹಿಡಿದುಕೊಂಡಿದ್ದರು. ಟಿವಿಯಲ್ಲಿ ಹುಡುಗಿ ಕುಣಿಯುತ್ತ ಶಾಲೆಗೆ ಹೋಗುವುದು ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನಡುವಿನ ಭಾಗ ಬಂತು. ಹುಡುಗಿಯ ಭುಜ ಇಳಿಯಿತು, ಬೆನ್ನು ಗೂನಾಯಿತು. ಯಾವಳೋ ಒಬ್ಬಳು, "ಏಯ್, ತಾತಾ ಮಾದಿರಿ ನಡಕ್ಕುದು ಡೀ!" ಎಂದು ಕೂಗಿದಳು. ತಾತನ ಹಾಗೆ ನಡೆಯುತ್ತಾಳೆ ಎಂದು ಇಡೀ ಹಾಲ್ ನಕ್ಕಿತು. ಟೀಚರುಗಳೂ ನಕ್ಕರು. ನನ್ನ ತೋಳಿನ ಮೇಲಿದ್ದ ಅವರ ಕೈ ಇನ್ನಷ್ಟು ಬಿಗಿಯಾಯಿತು. ಬಕೆಟ್ಟಿನಲ್ಲಿ ನೆನೆದ ಹಾಳೆಗಳನ್ನು ಹಾಕಿದ್ದರೆ ಒಬ್ಬರೂ ನಗುತ್ತಿರಲಿಲ್ಲ ಎಂದು ಅಲ್ಲಿ ಗೊತ್ತಿದ್ದವರು ನಾವಿಬ್ಬರೇ.

ದೀಪ ಹಾಕಿದರು. ಏನಾದರೂ ಕೇಳುವುದಿದ್ದರೆ ಕೇಳಿ ಎಂದರು ಸಂಸ್ಥೆಯವರು. ಹೂ ಮುಡಿದ ಒಬ್ಬ ತಾಯಿ ಎದ್ದು ನಿಂತರು. "ಸಾರ್, ಇದೆಲ್ಲಾ ಬೊಮ್ಮೈ. ನಿಜಮಾನ ಪುಳ್ಳೈಕಿಟ್ಟ ನಾಂಗ ಎಪ್ಪಡಿ ಕಂಡುಪಿಡಿಕ್ಕಿರದು?" ಇದು ಬೊಂಬೆ, ನಿಜವಾದ ಮಗುವಿನಲ್ಲಿ ನಾವು ಹೇಗೆ ಕಂಡುಹಿಡಿಯಬೇಕು? ಸಂಸ್ಥೆಯವರು ಇವರ ಕಡೆ ತಿರುಗಿದರು. ಇವರು ನನ್ನ ಕಡೆ ತಿರುಗಿದರು. ಉತ್ತರ ಅವರಿಗೆ ಗೊತ್ತಿತ್ತು. ಹೇಳಬೇಡಿ ಎಂದು ಕೈ ಮುಗಿದವನು ನಾನು. ನಾನು ನೆಲ ನೋಡಿದೆ.

"ನನಗ ತಿಳಿಯಂಗಿಲ್ರಿ" ಎಂದು ಅವರು ಕನ್ನಡದಲ್ಲೇ ಮೆಲ್ಲಗೆ ಹೇಳಿದರು. ಯಾರಿಗೂ ಅರ್ಥವಾಗಲಿಲ್ಲ.

ಮುಂದಿನ ಸಾಲಿನಲ್ಲಿ ನನ್ನ ಮಗಳಿಗೆ ಅರ್ಥವಾಯಿತು. ಎದ್ದು ನಿಂತಳು. ಬೇಡ, ಕೂತ್ಕೋ ಎನ್ನಲು ನಾನು ಬೆಂಚಿನಿಂದ ಅರ್ಧ ಎದ್ದೆ. ಅವಳು ಟಿವಿಯ ಪಕ್ಕಕ್ಕೆ ಹೋಗಿ, ಟೀಚರಿನ ಕುರ್ಚಿ ಎಳೆದುಕೊಂಡು, ಎಲ್ಲರಿಗೂ ಕಾಣುವ ಹಾಗೆ ನೆಟ್ಟಗೆ ಕೂತಳು. ಆಮೇಲೆ ನಿಧಾನವಾಗಿ ಭುಜ ಇಳಿಬಿಟ್ಟಳು. ಕತ್ತು ಬಾಗಿಸಿದಳು. ಕೈಗಳನ್ನು ಮಡಿಲಲ್ಲಿ ಸಡಿಲ ಬಿಟ್ಟಳು. ರೆಪ್ಪೆ ಅರ್ಧ ಮುಚ್ಚಿದಳು. ಈ ಸಲ ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿ ಆ ಮುದುಕರು ನನ್ನ ತೋಳನ್ನು ಬಿಟ್ಟು, ಎದ್ದು ನಿಂತಿದ್ದರು.

"ಇಪ್ಪಡಿ ಇರುಕ್ಕುಂ, ಆಂಟಿ" ಎಂದಳು ಮಗಳು. ಹೀಗಿರುತ್ತೆ. "ನಾನ್ ಇಪ್ಪಡಿ ತಾನ್ ಇರುಂದೇನ್." ನಾನು ಹೀಗೇ ಇದ್ದೆ.

ಆ ತಾಯಿ ಸೆರಗನ್ನು ಬಾಯಿಗೊತ್ತಿಕೊಂಡು, ನೆಲದ ಮೇಲೆ ಕೂತ ಹುಡುಗಿಯರ ಸಾಲುಗಳಲ್ಲಿ ತನ್ನ ಮಗಳು ಎಲ್ಲಿ ಕೂತಿದ್ದಾಳೆ, ಹೇಗೆ ಕೂತಿದ್ದಾಳೆ ಎಂದು ಹುಡುಕತೊಡಗಿದರು.